ಕೇದಗೆ ಅತ್ತರು

ಅವ್ವಮ್ಮ ಬಿಳಿಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಎರಡೂ ಕೈಯಿಂದ ಎಳೆದಳು. ಬಟ್ಟೆ ಸರ್ರನೆ ಉದ್ದಕ್ಕೆ ಸೀಳಿತು.

"ಕತ್ತರಿ ಕೊಡ್ತೇನೆ ಅವ್ವಮ್ಮ," ಎಂದಳು ಜುವೈರಿಯಾ.

"ಕತ್ತರಿ ಬದುಕಿರುವವರ ಬಟ್ಟೆಗೆ. ಇದಕ್ಕೆ ಹಲ್ಲು ಸಾಕು. ನನ್ನ ಬಾಯಲ್ಲಿ ಉಳಿದದ್ದೇ ನಾಲ್ಕು, ಅದೂ ಈ ಕೆಲಸಕ್ಕೇ ಅಂತ ಕಾಣ್ತದೆ."

ಕಕ್ಕಿಂಜೆಯ ಸುತ್ತಮುತ್ತ ಹೆಂಗಸರು ಸತ್ತರೆ ಮೀಯಿಸಿ ಕಫನಿನ ಬಿಳಿಬಟ್ಟೆ ಉಡಿಸುವವಳು ಅವ್ವಮ್ಮ. ಇಂದು ಅವಳ ಮುಂದೆ ಮಲಗಿದ್ದವಳು ಜುವೈರಿಯಾಳ ತಾಯಿ ಆಸ್ಯಮ್ಮ. ಬೆಳಿಗ್ಗೆ ಒಲೆ ಹಚ್ಚಲು ಹೋದವಳು ಬೆಂಕಿಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ಗೋಡೆಗೆ ಒರಗಿ ಕುಳಿತಿದ್ದಳು. ಕರೆದರೆ ಓಗೊಡಲಿಲ್ಲ. ಗಂಡ ಮೊಯಿದಿನಬ್ಬ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಗಂಡ ಸತ್ತ ಹೆಂಗಸು ಮನೆಯಿಂದ ಹೊರಬೀಳದೆ, ಒಡವೆ ತೊಡದೆ, ಸುಗಂಧ ಮುಟ್ಟದೆ ಕಳೆಯಬೇಕಾದ ಇದ್ದತ್ತಿನ ದಿನಗಳು ಇನ್ನೇನು ಮುಗಿಯುವುದರಲ್ಲಿದ್ದವು. ಆ ದಿನಗಳಲ್ಲಿ ತಾಯಿಯ ಜೊತೆಗಿರಲೆಂದು ಜುವೈರಿಯಾ ವಿಟ್ಲದ ಗಂಡನ ಮನೆಯಿಂದ ಮಗಳು ಶಹನಾಝ್‌ಳನ್ನು ಕರೆದುಕೊಂಡು ಬಂದು ಕೂತಿದ್ದಳು. ತಮ್ಮ ಇರ್ಷಾದ್ ದಮ್ಮಾಮಿನಲ್ಲಿದ್ದ. ಬಾಪ ಸತ್ತಾಗ ಬಂದು ಹೋದವನಿಗೆ ಮತ್ತೆ ರಜೆ ಸಿಗಲಿಲ್ಲ. ಫೋನಿನಲ್ಲಿ ಅತ್ತು, ಕೊನೆಗೆ ಫೋನಿಟ್ಟಿದ್ದ.

ಬೆಳ್ತಂಗಡಿಯಿಂದ ತಂದ ಪೊಟ್ಟಣವನ್ನು ಅವ್ವಮ್ಮ ಬಿಚ್ಚಿದಳು. ಹತ್ತಿ, ಸಾಬೂನು, ಕರ್ಪೂರದ ಬಿಲ್ಲೆ, ಬೆರಳುದ್ದದ ಒಂದು ಅತ್ತರಿನ ಬಾಟ್ಲಿ. ಹತ್ತಿ, ಸಾಬೂನು ಹತ್ತಿರ ಇಟ್ಟುಕೊಂಡು ಉಳಿದೆರಡನ್ನು ಕಿಟಕಿಯ ಮೇಲೆ ಸರಿಸಿದಳು.

"ಅದು ಬೇಡ್ವಾ?"

"ನಿನ್ನ ಉಮ್ಮ ಇದ್ದತ್ತಿನಲ್ಲಿ ಇದ್ದವಳು ಮಗಳೇ. ಸುಗಂಧ ಆಗ್ಲಿಕ್ಕಿಲ್ಲ."

"ಸತ್ತ ಮೇಲೂವಾ?"

"ನನಗೆ ಹಾಗೇ ಹೇಳಿಕೊಟ್ಟದ್ದು. ಹಿಂದೆ ಚಾರ್ಮಾಡಿಯಲ್ಲಿ ಒಬ್ಬಳು ಹೀಗೇ ಹೋಗಿದ್ಳು, ಅವಳಿಗೂ ಹಾಕ್ಲಿಲ್ಲ."

ಜುವೈರಿಯಾ ಎದ್ದು ಹೋಗಿ ತಾಯಿಯ ಟ್ರಂಕಿನ ತಳದಿಂದ ಒಂದು ಬಟ್ಟೆಯ ಗಂಟು ತಂದಳು. ಒಳಗೆ ಹೆಬ್ಬೆರಳಿನಷ್ಟು ದೊಡ್ಡದಾದ ಹಸಿರು ಗಾಜಿನ ಬಾಟ್ಲಿ. ತಿರುಗಿಸುವ ತಗಡಿನ ಮುಚ್ಚಳ. ಅರ್ಧಕ್ಕೆ ತುಂಬಿದ್ದ ಎಣ್ಣೆ ಈಗ ಜೇನಿನ ಬಣ್ಣಕ್ಕೆ ತಿರುಗಿತ್ತು.

"ಇದನ್ನು ಹಾಕಬೇಕು ಅಂತ ಉಮ್ಮ ನನ್ನಲ್ಲಿ ಹೇಳಿದ್ರು. ಒಮ್ಮೆ ಅಲ್ಲ, ಸುಮಾರು ಸಲ. ಬೇರೆ ಏನನ್ನೂ ಅವರು ನನ್ನಲ್ಲಿ ಕೇಳಿದವರಲ್ಲ."

ಅವ್ವಮ್ಮ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಸತ್ತವರ ಮನೆಯಲ್ಲಿ ಜನ ಏನೇನೋ ಕೇಳುತ್ತಾರೆ. ಬಳೆ ತೆಗೆಯಬೇಡಿ ಎನ್ನುತ್ತಾರೆ, ಇಷ್ಟದ ಸೀರೆ ಹೊದಿಸಿ ಎನ್ನುತ್ತಾರೆ. ಇಲ್ಲ ಎಂದು ಹೇಳಿ ಹೇಳಿ ಅವಳ ಬಾಯಿ ಒರಟಾಗಿತ್ತು, ಕೈ ಮಾತ್ರ ಹಾಗೇ ಮೆತ್ತಗೆ ಉಳಿದಿತ್ತು.

"ನಾನು ಓದಿದವಳಲ್ಲ," ಎಂದಳು. "ಉಸ್ತಾದ್ ಅಂಗಳದಲ್ಲೇ ಕೂತಿದ್ದಾರೆ. ಯಾರನ್ನಾದ್ರೂ ಕಳಿಸಿ ಕೇಳಿಸು. ಅವರು ಹೂಂ ಅಂದ್ರೆ ನನ್ನ ಕೈಯಿಂದಲೇ ಹಚ್ತೇನೆ. ತಲೆಯ ಕಡೆಯ ಗಂಟು ಹಾಕುವವರೆಗೆ ಹೊತ್ತುಂಟು. ಗಂಟು ಬಿದ್ದ ಮೇಲೆ ಬಿಚ್ಚು ಅಂತ ಹೇಳ್ಬೇಡ."

ಪಡಸಾಲೆಯಲ್ಲಿ ಯಾರೋ ಊದುಬತ್ತಿ ಹಚ್ಚಿದ್ದರು. ಶಹನಾಝ್ ಕೆಮ್ಮಲು ಶುರುಮಾಡಿದಳು. ಜುವೈರಿಯಾ ಓಡಿ ಹೋಗಿ ಊದುಬತ್ತಿಯನ್ನು ನೆಲಕ್ಕೊತ್ತಿ ಆರಿಸಿ, ಮಗಳ ಬಾಯಿಗೆ ಉಬ್ಬಸದ ಪಂಪ್ ಹಿಡಿದು ಎರಡು ಸಲ ಒತ್ತಿದಳು. ಮಗುವಿಗೆ ಅಜ್ಜನ ಕಣ್ಣು, ಅಜ್ಜನ ಉಬ್ಬಸ. ಅಲ್ಲೇ ಬಾಗಿಲಲ್ಲಿ ಸೋದರಮಾವ ಹನೀಫಾ ನಿಂತಿದ್ದ.

"ಹನೀಫ್ ಮಾಮ, ಒಂದು ಉಪಕಾರ ಮಾಡಿ. ಉಸ್ತಾದರಲ್ಲಿ ಕೇಳಿ ಬನ್ನಿ. ಉಮ್ಮನ ಅತ್ತರನ್ನು ಕಫನಿಗೆ ಹಚ್ಚಬಹುದಾ ಅಂತ."

"ಯಾವ ಅತ್ತರು?"

ಅವಳು ಅಂಗೈ ಬಿಡಿಸಿ ತೋರಿಸಿದಳು. ಹನೀಫಾ ಬಾಟ್ಲಿಯನ್ನು ನೋಡಿದ. ಹಸಿರು ಗಾಜನ್ನು ನೋಡಿದ ಕೂಡಲೇ ಅವನಿಗೆ ಗುರುತು ಹತ್ತಿತು.

"ಇದು ಇನ್ನೂ ಉಂಟಾ?" ಎಂದ. ಮತ್ತೆ, "ಕೇಳ್ತೇನೆ," ಎಂದು ಅಂಗಳಕ್ಕೆ ಇಳಿದ.

ಅಂಗಳದ ತುಂಬ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ತುಂಬ ಗಂಡಸರು. ನಡುವೆ ಮಸೀದಿಯ ಖತೀಬ್ ಉಸ್ತಾದರು ಜಮಾಅತಿನ ಅಧ್ಯಕ್ಷರೊಡನೆ ಕಬರಿನ ಜಾಗದ ಬಗ್ಗೆ ಮಾತಾಡುತ್ತಿದ್ದರು. ಗಂಡನ ಪಕ್ಕದಲ್ಲೇ ಜಾಗ ಉಂಟು, ಒಂದು ಕಲ್ಲು ಅಡ್ಡ ಬಂದಿದೆ, ಹುಡುಗರು ಒಡೆಯುತ್ತಿದ್ದಾರೆ. ಹನೀಫಾ ಹತ್ತಿರ ಹೋಗಿ ನಿಂತ.

"ಉಸ್ತಾದ್..."

ಉಸ್ತಾದರು ತಲೆಯೆತ್ತಿದರು. ಅಧ್ಯಕ್ಷರು ತಲೆಯೆತ್ತಿದರು. ಸುತ್ತ ಕೂತವರೆಲ್ಲ ಮಾತು ನಿಲ್ಲಿಸಿ ಇವನ ಬಾಯಿ ನೋಡಿದರು. 'ಅಕ್ಕನ ಅತ್ತರು' ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕೂತಿತು.

* * *

ಆಸ್ಯಮ್ಮ ಹುಟ್ಟಿದ್ದು ಮೂಡಬಿದ್ರೆಯಲ್ಲಿ. ಏಳನೆಯ ತರಗತಿಗೆ ಶಾಲೆ ಬಿಡಿಸಿ ಬೀಡಿಯ ಮೊರ ತೊಡೆಯ ಮೇಲೆ ಇಟ್ಟಿದ್ದರು. ಹದಿನೈದಾಗುವಾಗ ಅವಳ ಬೆರಳು ಉಮ್ಮನ ಬೆರಳಿಗಿಂತ ಚುರುಕಾಗಿತ್ತು. ಶಾಲೆ ಬಿಟ್ಟರೂ ಶಾಲೆಯ ಗೆಳತಿ ತ್ರಿಶಲಾ ಇವಳನ್ನು ಬಿಡಲಿಲ್ಲ. ಬಸದಿಯ ಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಜೈನರ ಮನೆಯ ಹುಡುಗಿ. ಸಂಜೆ ಬಂದು ಜಗಲಿಯಲ್ಲಿ ಕೂತು ಬೀಡಿಯ ಎಲೆ ಕತ್ತರಿಸಿ ಕೊಡುತ್ತಿದ್ದಳು. "ನಮ್ಮ ಮನೆಯಲ್ಲಿ ಗೊತ್ತಾದ್ರೆ ಕಾಲು ಮುರೀತಾರೆ," ಎಂದು ನಗುತ್ತಿದ್ದಳು. ಮನೆಗೆ ಹೋಗುವ ಮೊದಲು ಬೆರಳನ್ನು ಹುಣಸೆಹುಳಿಯಲ್ಲಿ ಉಜ್ಜಿ ತೊಳೆಯುತ್ತಿದ್ದಳು.

ಶುಕ್ರವಾರ ನಮಾಝಿನ ಹೊತ್ತಿಗೆ ಪಳ್ಳಿಯ ಗೇಟಿನ ಹತ್ತಿರ ಒಬ್ಬ ಮರದ ಪೆಟ್ಟಿಗೆ ತೆರೆದಿಟ್ಟು ಅತ್ತರು ಮಾರುತ್ತಿದ್ದ. ನಮಾಝಿಗೆ ಹೋಗಿ ಬಂದ ಬಾಪನ ತೋಳಿನಿಂದ ಬರುತ್ತಿದ್ದ ಒಂದು ವಾಸನೆ ಆಸ್ಯಮ್ಮನಿಗೆ ಇಷ್ಟವಾಗಿತ್ತು. ಕೆರೆದಂಡೆಯಲ್ಲಿ ಕೇದಗೆ ಬಿರಿದಾಗ ಬರುವಂಥದ್ದು. ಆದರೆ ಶುಕ್ರವಾರ ಪಳ್ಳಿಯ ಗೇಟಿನ ಕಡೆ ಬ್ಯಾರಿ ಹುಡುಗಿಯರು ಸುಳಿಯುವಂತಿರಲಿಲ್ಲ.

"ನನ್ನನ್ನು ಯಾರು ತಡೆಯುವುದು?" ಎಂದು ತ್ರಿಶಲಾ ಎರಡು ಜಡೆ ಹಿಂದಕ್ಕೆ ಎಸೆದು ಹೊರಟೇ ಬಿಟ್ಟಳು. ಅತ್ತರಿನವನು ಕಣ್ಣರಳಿಸಿ ಅವಳ ಹಣೆಯ ಬೊಟ್ಟು ನೋಡಿದನಂತೆ.

"ಯಾರಿಗೆ ಮಗಳೇ ಅತ್ತರು?"

"ಅಜ್ಜನಿಗೆ."

"ನಿಮ್ಮ ಅಜ್ಜ ಅತ್ತರು ಹಾಕ್ತಾರಾ?"

"ಹಲ್ಲಿಲ್ಲ, ಮೂಗು ಉಂಟು."

ಬೀಡಿಯಿಂದ ಉಳಿಸಿದ ಚಿಲ್ಲರೆಗೆ ಆ ಹಸಿರು ಬಾಟ್ಲಿ ಬಂತು. ಜಗಲಿಯ ಮೂಲೆಯಲ್ಲಿ ಇಬ್ಬರೂ ಕಿವಿಯ ಹಿಂದೆ, ಮಣಿಕಟ್ಟಿಗೆ ಒಂದೊಂದು ಹನಿ ಹಚ್ಚಿಕೊಂಡರು. ತ್ರಿಶಲಾ ಆ ವಾಸನೆ ಹೊತ್ತು ಮನೆಗೆ ಹೋಗುವ ಮೊದಲು ಬಾವಿಕಟ್ಟೆಯಲ್ಲಿ ತೊಳೆದುಕೊಳ್ಳಬೇಕಿತ್ತು. ಆಸ್ಯಮ್ಮನಿಗೆ ಆ ಕಷ್ಟವಿರಲಿಲ್ಲ, ಅವಳು ಎಲ್ಲಿಗೂ ಹೋಗುವವಳಲ್ಲ. ಬೀಡಿ ಸುತ್ತುತ್ತ ಆಗಾಗ ಮಣಿಕಟ್ಟನ್ನು ಮೂಗಿಗೆ ಹಿಡಿಯುತ್ತಿದ್ದಳು. ತನ್ನ ಮೈಯಿಂದ ಹೊಗೆಸೊಪ್ಪಿನದ್ದಲ್ಲದೆ ಬೇರೆ ವಾಸನೆಯೂ ಬರಬಹುದು ಎಂಬುದೇ ಅವಳಿಗೆ ಸೋಜಿಗವಾಗಿತ್ತು. ತಿಂಗಳಲ್ಲಿ ಬಾಟ್ಲಿ ಅರ್ಧಕ್ಕೆ ಇಳಿಯಿತು.

ಹೊಗೆಸೊಪ್ಪಿಗೆ ಒಂದು ಗುಣವುಂಟು. ಹತ್ತಿರ ಏನಿದ್ದರೂ ಅದರ ವಾಸನೆ ಹೀರಿಕೊಳ್ಳುತ್ತದೆ. ಸೀಮೆಎಣ್ಣೆಯ ಡಬ್ಬಿಯ ಪಕ್ಕ ಇಟ್ಟ ಬೀಡಿಯನ್ನು ಯಾರೂ ಸೇದುವುದಿಲ್ಲ. ಇದು ಬೀಡಿ ಕಟ್ಟುವವರ ಮನೆಯಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ. ಆಸ್ಯಮ್ಮ ಆ ತಿಂಗಳು ಅದನ್ನು ಮರೆತಿದ್ದಳು.

ಆ ವಾರದ ಬೀಡಿಯನ್ನು ಕಟ್ಟಿದ ಬೀಡಿ ಕೊಂಡುಕೊಳ್ಳುವ ಬ್ರಾಂಚಿಗೆ ಹೊತ್ತುಕೊಂಡು ಹೋದವನು ತಮ್ಮ ಹನೀಫಾ. ಹತ್ತು ವರ್ಷದ ಪೋರ. ಬ್ರಾಂಚಿನವ ಒಂದು ಕಟ್ಟು ಎತ್ತಿದ, ಮೂಗಿಗೆ ಹಿಡಿದ, ಮತ್ತೊಮ್ಮೆ ಹಿಡಿದ.

"ಏನೋ ಇದು, ಬೀಡಿಯಾ, ಮದುಮಗಳಾ?"

ಕಾದು ನಿಂತಿದ್ದ ಗಂಡಸರ ಕೈಯಿಂದ ಕೈಗೆ ಆ ಕಟ್ಟು ಹೋಯಿತು. ಎಲ್ಲರೂ ಮೂಸಿದರು. ಒಬ್ಬ ಕಣ್ಣುಮುಚ್ಚಿ ತಲೆದೂಗಿದ.

"ನಿನ್ನ ಅಕ್ಕ ಯಾರಿಗಾಗಿ ಹಚ್ಕೊಳ್ಳುವುದೋ? ಕೇಳಿಕೊಂಡು ಬಾ, ನಮಗೂ ಗೊತ್ತಾಗ್ಲಿ."

ವಾರದ ಬೀಡಿಯನ್ನೆಲ್ಲ ಅವನ ಕಣ್ಣೆದುರೇ ಮುರಿದು ಕಸಕ್ಕೆ ಹಾಕಿದರು. ಹನೀಫಾ ಖಾಲಿ ಚೀಲ ಎದೆಗವಚಿಕೊಂಡು ಅಳುತ್ತ ಮನೆಗೆ ಬಂದ. ಬಾಪ ಹೊಡೆಯಲಿಲ್ಲ, ಬಯ್ಯಲಿಲ್ಲ. "ಬೀಡಿಯೂ ಅತ್ತರೂ ಒಂದೇ ಕೈಯಲ್ಲಿ ಆಗ್ಲಿಕ್ಕಿಲ್ಲ ಮಗಳೇ," ಎಂದಷ್ಟೇ ಹೇಳಿದರು. ಆಸ್ಯಮ್ಮ ಬೂದಿ ಹಾಕಿ ಕೈ ಉಜ್ಜಿದಳು. ಉಜ್ಜುತ್ತ ಉಜ್ಜುತ್ತ, "ಅಳ್ಬೇಡ ಹನೀಫ, ಇನ್ನು ಹಾಕುವುದಿಲ್ಲ," ಎಂದು ತಮ್ಮನಿಗೆ ಸಮಾಧಾನ ಹೇಳಿದಳು.

* * *

"ಎಂತ ಹನೀಫಾಕ?" ಎಂದರು ಉಸ್ತಾದರು.

"ಏನಿಲ್ಲ ಉಸ್ತಾದ್. ಸಂಜೆ ಅಸರ್ ನಮಾಝಿಗೇ ಮಯ್ಯತ್ತು ಎತ್ತುವುದಲ್ವಾ?"

"ಹೌದಲ್ಲ ಮಾರಾಯ್ರೆ, ಆಗಲೇ ಹೇಳಿ ಆಯ್ತಲ್ಲ."

"ಹೌದು ಹೌದು. ಒಳಗೆ ಹೆಂಗಸರು ಕೇಳಿದ್ರು, ಹಾಗೆ."

ಹನೀಫಾ ನಳ್ಳಿಯಲ್ಲಿ ಮುಖ ತೊಳೆದುಕೊಂಡ. ಅವನೇನೂ ಕೆಟ್ಟವನಲ್ಲ. ಉಜಿರೆಯಲ್ಲಿ ಗುಜರಿ ಅಂಗಡಿ ಇಟ್ಟುಕೊಂಡು ನಾಲ್ಕು ಮಂದಿಗೆ ಬೇಕಾದವನಾಗಿ ಬದುಕಿದವನು. ಭಾವ ಸತ್ತಾಗ, ಈಗ ಅಕ್ಕ ಸತ್ತಾಗ, ಕಬರಿನಿಂದ ಚಹಾದವರೆಗೆ ಎಲ್ಲ ಹೊತ್ತವನು. ಹೇಗೂ ಇದ್ದತ್ತಿನಲ್ಲಿ ಸುಗಂಧವಿಲ್ಲ ಎಂದು ಎಲ್ಲರಿಗೂ ಗೊತ್ತು, ಕೇಳಿದರೂ ಉಸ್ತಾದರು ಇದನ್ನೇ ಹೇಳುತ್ತಿದ್ದರು ಎಂದುಕೊಂಡ. ಗೊತ್ತಿರುವುದನ್ನೇ ಕೇಳಿ ಇಷ್ಟು ಜನರ ಮುಂದೆ ಅಕ್ಕನನ್ನು ಮತ್ತೆ ಯಾಕೆ ನಿಲ್ಲಿಸಬೇಕು?

ಒಳಬಾಗಿಲಿಗೆ ಬಂದು, ಜುವೈರಿಯಾಳ ಮುಖ ನೋಡದೆ ಹೇಳಿದ: "ಉಸ್ತಾದ್ ಬೇಡ ಅಂದ್ರು ಮಗಳೇ."

"ಸರಿಯಾಗಿ ಕೇಳಿದ್ರಾ ಮಾಮ?"

"ಕೇಳಿದೆ. ಬೇಡ ಅಂದ್ರು."

ಒಳಗೆ ನೀರು ಸುರಿಯುವ ಶಬ್ದ ನಿಂತಿತ್ತು. ಜುವೈರಿಯಾ ಅವ್ವಮ್ಮನ ಕಡೆ ನೋಡಿ ತಲೆ ಅಲ್ಲಾಡಿಸಿದಳು. ಅವ್ವಮ್ಮ ಹತ್ತಿಯನ್ನು ಬಿಡಿಸಿದಳು.

ಕಫನ್ ಉಡಿಸಿ ಮುಖವೊಂದನ್ನು ತೆರೆದಿಟ್ಟಾಗ ತ್ರಿಶಲಾ ಬಂದಳು. ಮೂಡಬಿದ್ರೆಯಿಂದ ಬೆಳ್ತಂಗಡಿಗೆ ಒಂದು ಬಸ್ಸು, ಅಲ್ಲಿಂದ ಕಕ್ಕಿಂಜೆಗೆ ಇನ್ನೊಂದು. ಮಂಡಿನೋವಿಗೆ ಕೋಲು ಹಿಡಿದಿದ್ದಳು. ಗಂಡಸರ ನಡುವೆ ಹಾದು, ಚಪ್ಪಲಿ ಬಿಟ್ಟು, ನೇರ ಒಳಗೆ ಬಂದು ಗೆಳತಿಯ ತಲೆಯ ಹತ್ತಿರ ಕೂತಳು.

"ಸುಳ್ಳಿ," ಎಂದಳು. "ಮೊನ್ನೆ ಫೋನಿನಲ್ಲಿ ಎಂತ ಹೇಳಿದಿ ನೀನು? ಇದ್ದತ್ತು ಮುಗಿದ ಮರುದಿನವೇ ಮೂಡಬಿದ್ರೆಗೆ ಬರ್ತೇನೆ ಅಂದಿ. ಹಚ್ಚಿಕೊಂಡೇ ಬರ್ತೇನೆ, ಬಸ್ಸಿನಲ್ಲಿ ಯಾರು ಬೇಕಾದ್ರೂ ಮೂಸಲಿ ಅಂದಿ."

ಜುವೈರಿಯಾ ಬಾಟ್ಲಿಯನ್ನು ಅವಳ ಕೈಯಲ್ಲಿಟ್ಟಳು. ತ್ರಿಶಲಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅದೇ ಇದು. ಹಚ್ಚಿದ್ರಾ?"

"ಆಗುವುದಿಲ್ಲವಂತೆ ತ್ರಿಶಲಕ್ಕ. ಹನೀಫ್ ಮಾಮ ಕೇಳಿದ್ದಕ್ಕೆ ಉಸ್ತಾದ್ ಬೇಡ ಅಂದ್ರಂತೆ."

ತ್ರಿಶಲಾ ಮುಚ್ಚಳ ಸ್ವಲ್ಪ ಸಡಿಲಿಸಿ ಮೂಗಿಗೆ ಹಿಡಿದಳು. ಇನ್ನೂ ಹತ್ತಿರ ಹಿಡಿದಳು. ಆಮೇಲೆ ಜುವೈರಿಯಾಳ ಕಡೆ ಚಾಚಿದಳು.

"ನೀನು ನೋಡು. ವಾಸನೆ ಉಂಟಾ? ಕೊರೋನಾ ಬಂದು ಹೋದ ಮೇಲೆ ನನಗೆ ಮೂಗು ಸತ್ತು ಹೋಗಿದೆ. ಹಾಲು ಉಕ್ಕಿ ಹೊತ್ತಿದ್ರೂ ಗೊತ್ತಾಗುವುದಿಲ್ಲ. ಇವಳಲ್ಲಿ ಹೇಳಿರ್ಲಿಲ್ಲ, ಬೇಜಾರು ಮಾಡ್ಕೊಳ್ತಾಳೆ ಅಂತ."

"ಉಂಟು," ಎಂದಳು ಜುವೈರಿಯಾ.

"ಹೇಗುಂಟು?"

ಜುವೈರಿಯಾ ಮತ್ತೊಮ್ಮೆ ಮೂಸಿದಳು. "ಹಳೆಯದಾಗಿದೆ. ಆದ್ರೆ ಉಂಟು."

"ಸಾಕು," ಎಂದಳು ತ್ರಿಶಲಾ, ಮುಚ್ಚಳ ತಿರುಗಿಸಿ.

ಅವ್ವಮ್ಮ ಮುಖ ಮುಚ್ಚಿ ತಲೆಯ ಕಡೆಯ ಗಂಟು ಹಾಕಿದಳು. ಹೊರಗೆ ಮಯ್ಯತ್ತು ಹೊರುವ ಮಂಚ ತಂದಿಟ್ಟ ಶಬ್ದವಾಯಿತು.

* * *

ಮೊಯಿದಿನಬ್ಬ ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು. ತೌಡಿನ ಧೂಳು ಕುಡಿದು ಕುಡಿದು ಮದುವೆಗೆ ಮೊದಲೇ ಉಬ್ಬಸ ಹಿಡಿದಿತ್ತು. ಅದನ್ನು ಹೆಣ್ಣಿನ ಮನೆಯವರಲ್ಲಿ ಯಾರೂ ಹೇಳಿರಲಿಲ್ಲ. ಗಂಡನ ಮನೆಯಲ್ಲಿ ಬೀಡಿ ಕಟ್ಟಬೇಕಾಗಿಲ್ಲ ಎಂದು ಕೇಳಿ ಆಸ್ಯಮ್ಮ ಮೊದಲು ಕಟ್ಟಿಟ್ಟುಕೊಂಡದ್ದು ಹಸಿರು ಬಾಟ್ಲಿಯನ್ನು.

ಮದುವೆಯ ದಿನ ಅದನ್ನು ಹಚ್ಚಿಕೊಂಡು ಕೋಣೆಗೆ ಹೋದಳು. ಮೊಯಿದಿನಬ್ಬ ಎದ್ದು ನಕ್ಕ, ಏನೋ ಹೇಳಲು ಬಾಯಿ ತೆರೆದ, ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ಕಿಟಕಿಯ ಸರಳು ಹಿಡಿದು ಉಸಿರಿಗಾಗಿ ಒದ್ದಾಡುತ್ತಿದ್ದವನನ್ನು ಬಿಟ್ಟು ಮದುಮಗಳು ಬಚ್ಚಲಿಗೆ ಓಡಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ಒದ್ದೆ ಕೂದಲಲ್ಲಿ ಹಿಂದಿರುಗಿದಾಗ ಅವನಿಗೆ ಅಳುವಷ್ಟು ನಾಚಿಕೆಯಾಗಿತ್ತು. "ತಪ್ಪು ತಿಳ್ಕೊಳ್ಬೇಡ. ವಾಸನೆ ಲಾಯ್ಕುಂಟು. ನನಗೆ ದಮ್ಮು ಕಟ್ತದೆ," ಎಂದ.

ಒಳ್ಳೆಯವನಾಗಿದ್ದ. ಅದೇ ಅವಳಿಗೆ ದಾರಿ ಇಲ್ಲದಂತೆ ಮಾಡಿತು. ಕುಡಿಯುವವನೋ ಹೊಡೆಯುವವನೋ ಆಗಿದ್ದರೆ ಹಠಕ್ಕಾದರೂ ಹಚ್ಚಿಕೊಳ್ಳುತ್ತಿದ್ದಳು. ನಾಲ್ಕು ವರ್ಷ ಕಳೆಯುವಾಗ ಅವನ ಕೈಯಲ್ಲಿ ಮಿಲ್ಲಿನ ಕೆಲಸ ಆಗದಾಯಿತು. ಆಸ್ಯಮ್ಮ ಮತ್ತೆ ಮೊರ ಎಳೆದುಕೊಂಡಳು. ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಬೆಳೆಸಿದಳು, ಮಗಳಿಗೂ ಬೀಡಿ ಕಟ್ಟಲು ಕಲಿಸಿದಳು. ಇರ್ಷಾದ್ ದಮ್ಮಾಮಿನಿಂದ ಪ್ರತಿ ಸಲ ಬರುವಾಗ ಸೆಂಟಿನ ಬಾಟ್ಲಿ ತರುತ್ತಿದ್ದ. ಅವನ್ನೆಲ್ಲ ರಟ್ಟಿನ ಪೆಟ್ಟಿಗೆ ಸಮೇತ ಬಂದವರಿಗೆ, ಹೋದವರಿಗೆ ಕೊಟ್ಟುಬಿಡುತ್ತಿದ್ದಳು. ಹಸಿರು ಬಾಟ್ಲಿಯನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ.

ವರ್ಷಕ್ಕೆ ಎಲ್ಲೋ ಒಂದೆರಡು ಸಲ, ಗಂಡ ಪೇಟೆಗೆ ಹೋದಾಗ, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅದನ್ನು ತೆರೆಯುತ್ತಿದ್ದಳು. ಹಚ್ಚಿಕೊಳ್ಳುವುದಿಲ್ಲ, ಮೂಸುವುದು ಅಷ್ಟೇ. ಗೇಟಿನ ಶಬ್ದವಾದರೆ ಕೈ ತಾನೇ ಮುಚ್ಚಳ ತಿರುಗಿಸುತ್ತಿತ್ತು. ಇನ್ನು ತಿರುಗದು ಎಂದಾದ ಮೇಲೂ ಇನ್ನೊಂದು ಸುತ್ತು. ಜುವೈರಿಯಾ ಚಿಕ್ಕವಳಿದ್ದಾಗ ಒಮ್ಮೆ ಮಗಳ ಕೈಗೆ ಸಿಕ್ಕಿಬಿದ್ದಳು.

"ನನಗೂ ಒಂದು ಹನಿ ಉಮ್ಮ."

"ಬೇಡ, ಬಾಪನಿಗೆ ಆಗುವುದಿಲ್ಲ. ನಾನು ಸತ್ತಾಗ ನನಗೆ ಹಚ್ಚು. ಆಗ ನನ್ನ ಹತ್ತಿರ ಬಂದು ಯಾರೂ ಕೆಮ್ಮುವುದಿಲ್ಲ."

ತಮಾಷೆಗೆ ಹೇಳಿದ್ದು ವರ್ಷ ಕಳೆದ ಹಾಗೆ ಮಾತಾಗಿ ಗಟ್ಟಿಯಾಯಿತು. ಮೊಯಿದಿನಬ್ಬನೇ ಮೊದಲು ಹೋದ. ಅವನನ್ನು ಕಫನಿನಲ್ಲಿ ಸುತ್ತಿ, ಎಲ್ಲರಿಗೂ ಮಾಡುವಂತೆ, ಹಣೆಗೆ, ಅಂಗೈಗೆ, ಬಟ್ಟೆಯ ಮಡಿಕೆ ಮಡಿಕೆಗೆ ಅತ್ತರು ಹಚ್ಚಿದರು. ಮನೆ ಇಡೀ ಘಮಘಮ ಎನ್ನುತ್ತಿತ್ತು. ಮುಖ ನೋಡಲು ಬಂದ ಆಸ್ಯಮ್ಮ ಮೂಗಿಗೆ ತಾಗಿದ ವಾಸನೆಗೆ ಥಟ್ಟನೆ ನಿಂತಳು. ನಲವತ್ತು ವರ್ಷದ ಅಭ್ಯಾಸದಲ್ಲಿ ಅವಳು ಗಂಡನ ಎದೆಯನ್ನು ನೋಡಿದಳು. ಅದು ಏರಲಿಲ್ಲ, ಇಳಿಯಲಿಲ್ಲ.

"ಇವತ್ತು ಕೆಮ್ಮಲಿಲ್ಲ," ಎಂದಳು ಮಗಳ ಕಿವಿಯಲ್ಲಿ.

ಅಂದಿನಿಂದಲೇ ಅವಳ ಇದ್ದತ್ತು ಶುರುವಾಯಿತು.

* * *

ದಫನ್ ಮುಗಿಸಿ ಗಂಡಸರು ಬಂದಾಗ ಅವರ ಕಾಲಿಗೆ ಕೆಮ್ಮಣ್ಣು ಮೆತ್ತಿತ್ತು. ಉಸ್ತಾದರು ಜಗಲಿಯಲ್ಲಿ ಕೂತು ದುಆ ಮಾಡಿದರು. ಹನೀಫಾ ಚಹಾ ಹಂಚಿದ. ಕರ್ಟನಿನ ಈಚೆ ಜುವೈರಿಯಾ, ಅವ್ವಮ್ಮ ನಿಂತಿದ್ದರು.

ತ್ರಿಶಲಾಳಿಗೆ ಕೊನೆಯ ಬಸ್ಸು ಹಿಡಿಯಬೇಕಿತ್ತು. ಕೋಲೂರಿ ಹೊರಬಂದವಳು ಚಪ್ಪಲಿ ಹುಡುಕುತ್ತ ಉಸ್ತಾದರ ಎದುರು ನಿಂತಳು.

"ಉಸ್ತಾದರೇ, ನಾನು ಬೇರೆಯವಳು, ಕೇಳಬಾರದೋ ಏನೋ. ಮುದುಕಿ ಅಂತ ಬಿಟ್ಟುಬಿಡಿ. ನಮ್ಮಲ್ಲೂ ಶಾಸ್ತ್ರ ಅಂದ್ರೆ ಶಾಸ್ತ್ರವೇ. ಆದ್ರೆ ಒಂದು ಹನಿ ಅತ್ತರಿಗೆ ನೀವು ಬೇಡ ಅನ್ಬಾರದಿತ್ತು."

"ಯಾವ ಅತ್ತರು ಅಮ್ಮ?"

"ಆಸ್ಯಮ್ಮಂದು. ಇದ್ದತ್ತಿನಲ್ಲಿ ತೀರಿಹೋದದ್ದು, ಹಚ್ಚಬಾರದು ಅಂದ್ರಂತೆ ನೀವು."

ಉಸ್ತಾದರು ಲೋಟ ಕೆಳಗಿಟ್ಟರು. "ನನ್ನಲ್ಲಿ ಯಾರೂ ಕೇಳಲಿಲ್ಲವಲ್ಲ."

"ಕೇಳಿದ್ರೆ ಹಚ್ಚಿ ಅಂತಲೇ ಹೇಳ್ತಿದ್ದೆ," ಎಂದರು ಅವರು ಮೆಲ್ಲಗೆ. "ಇದ್ದತ್ತು ಬದುಕಿರುವವರಿಗೆ. ಮರಣದ ಜೊತೆಗೆ ಅದೂ ಹೋಯ್ತು. ಬೇರೆ ಅಭಿಪ್ರಾಯ ಇಲ್ಲ ಅಂತಲ್ಲ, ಆದ್ರೆ ನಮ್ಮ ಕಿತಾಬಿನಲ್ಲಿ ಬಲವಾದದ್ದು ಇದೇ. ಹಜ್ಜಿಗೆ ಹೋಗಿ ಎಹ್ರಾಮಿನ ಬಟ್ಟೆಯಲ್ಲೇ ಸತ್ತವರಿಗೆ ಮಾತ್ರ ಹಚ್ಚಬಾರದು. ಪರವಾಗಿಲ್ಲ, ಹಚ್ಚದಿದ್ರೂ ಕುಂದು ಏನಿಲ್ಲ."

ಹನೀಫಾ ಚಹಾದ ತಟ್ಟೆಯನ್ನು ಜಗಲಿಯ ಅಂಚಿನಲ್ಲಿಟ್ಟು ಬೆನ್ನು ತಿರುಗಿಸಿದ. ತ್ರಿಶಲಾ ಅವನನ್ನು ನೋಡಿದಳು. ಚೀಲ ಎದೆಗವಚಿಕೊಂಡು ಅಳುತ್ತ ಬಂದ ಹುಡುಗನನ್ನು ಅಂದು ಜಗಲಿಯಲ್ಲಿ ಕೂತು ಅವಳೂ ನೋಡಿದ್ದಳು. ಚಪ್ಪಲಿ ಮೆಟ್ಟಿ, ಕೋಲೂರುತ್ತ ಗೇಟಿನ ಕಡೆ ನಡೆದಳು.

ಕರ್ಟನಿನ ಈಚೆ ಅವ್ವಮ್ಮ ತನ್ನೆರಡೂ ಕೈ ನೋಡಿಕೊಂಡಳು. "ಚಾರ್ಮಾಡಿಯವಳಿಗೂ ಹಚ್ಚಬಹುದಿತ್ತು ಹಾಗಾದ್ರೆ," ಎಂದಳು.

ಜನ ಕರಗಿದ ಮೇಲೆ ಹನೀಫಾ ಒಳಗೆ ಬಂದ. ಜುವೈರಿಯಾ ಗೋಡೆಯ ಬುಡದಲ್ಲಿ ಕೂತಿದ್ದಳು. ಅವಳ ಎದುರು ತಾಯಿಯ ಮೊರ. ನಿನ್ನೆ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಕಟ್ಟಿ ಮುಗಿಯದ ಬೀಡಿ.

"ಮಗಳೇ, ಆ ಬಾಟ್ಲಿ ಕೊಡು," ಎಂದ. "ಈಗಲೇ ಹೋಗಿ ಕಬರಿನ ಮೇಲೆ ಸುರಿದು ಬರ್ತೇನೆ."

"ಮಣ್ಣಿಗಾ ಮಾಮ?"

"ಮತ್ತೆ ನಾನೆಂತ ಮಾಡ್ಲಿ? ಹೇಳು ನೀನು. ಎಲ್ಲರೂ ನನ್ನನ್ನೇ ನೋಡ್ತಿದ್ರು ಮಾರಾಯ್ತಿ. ಬಾಯಿ ಬರ್ಲಿಲ್ಲ."

ಜುವೈರಿಯಾ ಅವನ ಮುಖ ನೋಡಿದಳು. ಮುದುಕ. ಕಾಲಿಗೆ ತನ್ನ ಉಮ್ಮನ ಕಬರಿನ ಮಣ್ಣು ಮೆತ್ತಿಕೊಂಡಿರುವ ಮುದುಕ.

"ಕಾಲು ತೊಳೆದುಕೊಳ್ಳಿ ಮಾಮ," ಎಂದಳು. "ಊಟ ಬಂದಿದೆ ನೆರೆಮನೆಯಿಂದ."

ಅವನು ಊಟ ಮಾಡಲಿಲ್ಲ. ಕಾಲೂ ತೊಳೆಯದೆ ಹೊರಟುಹೋದ.

ಅವಳು ಹಿತ್ತಿಲಿನ ಬಾಗಿಲು ತೆರೆದಳು. ಮಯ್ಯತ್ತು ಮೀಯಿಸಿದ ನೀರು ತೋಡಿನಲ್ಲಿ ಇಂಗಿ ಸಾಬೂನಿನ ಬಿಳಿ ಗುರುತು ಉಳಿದಿತ್ತು. ಒಗೆಯುವ ಕಲ್ಲಿನ ಮೇಲೆ ಕೂತು ಬಾಟ್ಲಿಯನ್ನು ಮಡಿಲಿನಿಂದ ತೆಗೆದಳು. ನಾಳೆ ನಾಡಿದ್ದರಲ್ಲಿ ಮೊರದಲ್ಲಿರುವ ಬೀಡಿಯನ್ನು ಕಟ್ಟಿ ಮುಗಿಸಿ ಬ್ರಾಂಚಿಗೆ ಕೊಡಬೇಕು, ಆಮೇಲೆ ವಿಟ್ಲಕ್ಕೆ ಹೋಗಬೇಕು, ಅಲ್ಲಿಯೂ ಮೊರ ಕಾಯುತ್ತಿದೆ. ಅವಳು ಮುಚ್ಚಳ ತೆಗೆದಳು.

ಈ ಸಲ ಪೂರ್ತಿ ತೆಗೆದಳು. ಮೊದಲು ಹಳೆಯ ಎಣ್ಣೆಯ ಕಮಟು ಬಂತು, ಅದರ ಹಿಂದಿನಿಂದ ಮೆಲ್ಲಗೆ, ಎಲ್ಲೋ ಕೆರೆದಂಡೆಯಲ್ಲಿ ಬಿರಿದಂತೆ, ಕೇದಗೆ. ಗಾಳಿಗೆ ಬಂದದ್ದೇ ಅದು ಹಿತ್ತಿಲನ್ನು ತುಂಬಿತು. ತೆರೆದ ಬಾಗಿಲಿನಿಂದ ಒಳಗೆ ಹೋಯಿತು. ಜುವೈರಿಯಾ ಬಾಟ್ಲಿಯನ್ನು ವಾಲಿಸಿ ಎಡಗೈಯ ಮಣಿಕಟ್ಟನ್ನು ಅದರ ಬಾಯಿಗೆ ಹಿಡಿದಳು.

ಒಳಗೆ ನಿದ್ದೆಯಲ್ಲಿದ್ದ ಶಹನಾಝ್ ಕೆಮ್ಮಿದಳು. ಮತ್ತೊಮ್ಮೆ ಕೆಮ್ಮಿದಳು. ಆಮೇಲೆ ಉಸಿರೆಳೆಯುವ ಆ ಸಿಳ್ಳೆಯ ಸದ್ದು.

ಜುವೈರಿಯಾಳ ಕೈ ಮುಚ್ಚಳವನ್ನು ತಿರುಗಿಸಿತು. ಇನ್ನು ತಿರುಗದು ಎಂಬಲ್ಲಿಯವರೆಗೆ ತಿರುಗಿಸಿತು. ಆಮೇಲೆ ಇನ್ನೊಂದು ಸುತ್ತು.